ಮಧ್ಯಾಹ್ನದ ಬಿಸಿಲಲ್ಲೇ ಸೋಲಾರ್ ಇನ್ವರ್ಟರ್ ಯಾಕೆ ನಿಂತುಬಿಡುತ್ತೆ?

ದಾವಣಗೆರೆಯ ವಿದ್ಯಾನಗರ, ನಿಜಲಿಂಗಪ್ಪ ಬಡಾವಣೆ ಕಡೆ ಹೋದರೆ ತಾರಸಿಗಳ ಮೇಲೆ ಈಗ ಸೋಲಾರ್ ಪ್ಯಾನೆಲ್‌ಗಳು ಎದ್ದು ಕಾಣುತ್ತವೆ. 2024ರ ಫೆಬ್ರವರಿಯಲ್ಲಿ ಪಿಎಂ ಸೂರ್ಯ ಘರ್ ಯೋಜನೆ ಶುರುವಾಯಿತು. 3 ಕಿಲೋವ್ಯಾಟ್ ಹಾಕಿಸಿದರೆ ಕೇಂದ್ರದಿಂದ 78,000 ರೂಪಾಯಿ ಸಬ್ಸಿಡಿ. ಬಿಸಿಲಿಗಂತೂ ನಮ್ಮ ಕಡೆ ಬರವಿಲ್ಲ. ಹಾಗಾಗಿ ಹಾಕಿಸಿದವರು ಮೊಬೈಲ್ ಆಪ್‌ನಲ್ಲಿ ಇವತ್ತೆಷ್ಟು ಯೂನಿಟ್ ಬಂತು ಅಂತ ದಿನಾ ನೋಡುತ್ತಾರೆ.

ಕೆಲವರಿಗೆ ಅಲ್ಲೊಂದು ವಿಚಿತ್ರ ಕಾಣುತ್ತದೆ. ಬೆಳಿಗ್ಗೆಯಿಂದ ಏರುತ್ತಾ ಬಂದ ಗೆರೆ, ಹನ್ನೆರಡರಿಂದ ಎರಡು ಗಂಟೆಯೊಳಗೆ, ಬಿಸಿಲು ನೆತ್ತಿ ಸುಡುವ ಹೊತ್ತಿಗೆ ಸೊನ್ನೆಗೆ ಬಿದ್ದಿರುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಏರುತ್ತದೆ, ಮತ್ತೆ ಬೀಳುತ್ತದೆ. ಪಕ್ಕದಲ್ಲಿ ‘ಗ್ರಿಡ್ ಓವರ್‌ವೋಲ್ಟೇಜ್’ ಅನ್ನೋ ಸಂದೇಶ. ಪ್ಯಾನೆಲ್ ಕೆಟ್ಟಿಲ್ಲ, ಇನ್ವರ್ಟರ್ ಕೂಡ ಬಹುಪಾಲು ಕೆಟ್ಟಿರುವುದಿಲ್ಲ. ಹಾಗಾದರೆ ಆಗಿದ್ದೇನು? ಗ್ರಿಡ್‌ಗೆ, ಅಂದರೆ ಊರಿನ ಕರೆಂಟ್ ಜಾಲಕ್ಕೆ, ಸೇರಿಸಿದ ಇನ್ವರ್ಟರ್ ವೋಲ್ಟೇಜನ್ನು ಹೇಗೆ ಸಂಭಾಳಿಸುತ್ತದೆ ಅನ್ನೋದು ತಿಳಿದರೆ ಇದು ಅರ್ಥವಾಗುತ್ತದೆ.

ಯುಪಿಎಸ್ ಬೇರೆ, ಸೋಲಾರ್ ಇನ್ವರ್ಟರ್ ಬೇರೆ

ಮೊದಲು ಎರಡು ಮಾತು. ವೋಲ್ಟೇಜ್ ಅಂದರೆ ವಿದ್ಯುತ್ತನ್ನು ತಳ್ಳುವ ಒತ್ತಡ. ಆಂಪಿಯರ್ ಅನ್ನೋದು ತಂತಿಯಲ್ಲಿ ಹರಿಯುವ ಪ್ರಮಾಣದ ಅಳತೆ. ಎರಡನ್ನೂ ಗುಣಿಸಿದರೆ ವ್ಯಾಟ್. 3 ಕಿಲೋವ್ಯಾಟನ್ನು 230 ವೋಲ್ಟ್‌ನಲ್ಲಿ ಕಳಿಸಬೇಕೆಂದರೆ ಸುಮಾರು 13 ಆಂಪಿಯರ್ ಹರಿಯಬೇಕು.

ಕರೆಂಟ್ ಹೋದಾಗ ಫ್ಯಾನು ತಿರುಗಿಸುವ ಮನೆಯ ಯುಪಿಎಸ್ ತಾನೇ ವೋಲ್ಟೇಜ್ ಹುಟ್ಟಿಸುತ್ತದೆ. ಎಷ್ಟು ಆಂಪಿಯರ್ ಎಳೆಯಬೇಕು ಅನ್ನೋದನ್ನು ಫ್ಯಾನು, ಲೈಟುಗಳು ತೀರ್ಮಾನಿಸುತ್ತವೆ.

ಗ್ರಿಡ್‌ಗೆ ಜೋಡಿಸಿದ ಸೋಲಾರ್ ಇನ್ವರ್ಟರ್‌ನದು ಪೂರ್ತಿ ಉಲ್ಟಾ. ಲೈನ್‌ನಲ್ಲಿ ವೋಲ್ಟೇಜ್ ಆಗಲೇ ಇರುತ್ತದೆ. ಶರಾವತಿಯ ಟರ್ಬೈನು, ರಾಯಚೂರಿನ ಬಾಯ್ಲರು, ಪಾವಗಡದ ಸೋಲಾರ್ ಪಾರ್ಕು ಎಲ್ಲಾ ಸೇರಿದ ದೊಡ್ಡ ಜಾಲ ಅದು. ನಿಮ್ಮ 3 ಕಿಲೋವ್ಯಾಟ್ ಡಬ್ಬಿ ಹೇಳಿದ ಮಾತ್ರಕ್ಕೆ ಅದು 230ಕ್ಕೆ ಬಂದು ನಿಲ್ಲುವುದಿಲ್ಲ. ಇನ್ವರ್ಟರ್ ಮಾಡಬಲ್ಲದ್ದು ಇಷ್ಟೇ: ಇರುವ ವೋಲ್ಟೇಜನ್ನು ಅಳೆದು, ಅದರ ಏರಿಳಿತಕ್ಕೆ ಸರಿಹೊಂದಿಸಿ ಆಂಪಿಯರ್‌ಗಳನ್ನು ಒಳಗೆ ತಳ್ಳುವುದು. ಎಂಜಿನಿಯರ್‌ಗಳು ಇದನ್ನು ‘ಗ್ರಿಡ್ ಫಾಲೋಯಿಂಗ್’ ಅಂತಾರೆ, ಅಂದರೆ ಗ್ರಿಡ್ಡನ್ನು ಹಿಂಬಾಲಿಸುವ ಇನ್ವರ್ಟರ್.

ಡಬ್ಬಿಯ ಒಳಗಿನ ವೋಲ್ಟೇಜ್

ಇನ್ವರ್ಟರ್ ನಿಜಕ್ಕೂ ಹತೋಟಿಯಲ್ಲಿ ಇಟ್ಟುಕೊಳ್ಳುವ ವೋಲ್ಟೇಜ್ ಒಂದಿದೆ. ಅದು ಹೊರಗೆ ಕಾಣುವುದಿಲ್ಲ.

ಪ್ಯಾನೆಲ್‌ನಿಂದ ಬರುವುದು ಡಿಸಿ, ಒಂದೇ ದಿಕ್ಕಿಗೆ ಹರಿಯುವ ಕರೆಂಟ್. ಗ್ರಿಡ್‌ಗೆ ಬೇಕಾದದ್ದು ಎಸಿ, ದಿಕ್ಕು ಬದಲಿಸುತ್ತಾ ಅಲೆಯಂತೆ ಏರಿಳಿಯುವ ಕರೆಂಟ್. ಇವೆರಡರ ನಡುವೆ ಕೆಪಾಸಿಟರ್‌ಗಳ ಒಂದು ಸಾಲು ಇರುತ್ತದೆ. ಅದಕ್ಕೆ ಡಿಸಿ ಬಸ್ ಅನ್ನುತ್ತಾರೆ. ಮನೆಯ ನೀರಿನ ಟ್ಯಾಂಕ್ ನೆನೆಸಿಕೊಳ್ಳಿ. ಬೋರ್‌ನಿಂದ ನೀರು ಬೀಳುತ್ತಿದೆ, ಕೆಳಗೆ ನಲ್ಲಿಯಿಂದ ಹೊರಗೆ ಹೋಗುತ್ತಿದೆ. ಬಂದಷ್ಟೇ ಹೋದರೆ ಮಟ್ಟ ಅಲ್ಲಾಡುವುದಿಲ್ಲ. ಡಿಸಿ ಬಸ್‌ನ ವೋಲ್ಟೇಜ್ ಆ ಮಟ್ಟ. ಅದನ್ನು ನೋಡಿಕೊಂಡು ನಲ್ಲಿ ತಿರುಗಿಸುವುದೇ ಕಂಟ್ರೋಲರ್‌ನ ಕೆಲಸ. ಮೋಡ ಸರಿದು ಬಿಸಿಲು ಚುರುಕಾಯಿತು ಅಂದರೆ ಮಟ್ಟ ಏರುತ್ತದೆ, ಗ್ರಿಡ್‌ಗೆ ತಳ್ಳುವ ಆಂಪಿಯರ್ ಜಾಸ್ತಿ ಮಾಡುತ್ತದೆ. ಮೋಡ ಕವಿಯಿತೋ, ಕಡಿಮೆ ಮಾಡುತ್ತದೆ.

ಈ ಮಟ್ಟ ಎಷ್ಟಿರಬೇಕು ಅನ್ನೋದಕ್ಕೂ ಲೆಕ್ಕವಿದೆ. ನಾವು 230 ಅನ್ನುವುದು ಎಸಿಯ ಒಂದು ಬಗೆಯ ಸರಾಸರಿ. ಅದರ ಅಲೆಯ ತುದಿ 325 ವೋಲ್ಟ್‌ವರೆಗೆ ಹೋಗುತ್ತದೆ. ಗ್ರಿಡ್ 253 ವೋಲ್ಟ್ ಇದ್ದರೆ ತುದಿ 358. ಡಿಸಿ ಬಸ್ ಇದಕ್ಕಿಂತ ಮೇಲೇ ಇರಬೇಕು, ಇಲ್ಲದಿದ್ದರೆ ಹೊರಗೆ ತಳ್ಳುವುದಕ್ಕೆ ಆಗುವುದೇ ಇಲ್ಲ. ಹಾಗಾಗಿ ಮನೆಯ ಸಿಂಗಲ್ ಫೇಸ್ ಇನ್ವರ್ಟರ್‌ಗಳಲ್ಲಿ ಇದು ಸಾಮಾನ್ಯವಾಗಿ 360ರಿಂದ 400ರ ಆಸುಪಾಸಿನಲ್ಲಿರುತ್ತದೆ.

ಟ್ಯಾಂಕ್ ಎಷ್ಟು ಚಿಕ್ಕದು ಗೊತ್ತಾ? 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದೆ, 400 ವೋಲ್ಟ್‌ನಲ್ಲಿದೆ ಅಂದುಕೊಳ್ಳಿ. ಪ್ಯಾನೆಲ್‌ನಿಂದ 3 ಕಿಲೋವ್ಯಾಟ್ ಬರುತ್ತಿರುವಾಗ ಹೊರದಾರಿ ಪೂರ್ತಿ ಮುಚ್ಚಿಹೋದರೆ, ವೋಲ್ಟೇಜ್ 450 ಮುಟ್ಟುವುದಕ್ಕೆ ಬೇಕಾಗುವುದು ಬರೀ 7 ಮಿಲಿಸೆಕೆಂಡ್. ಅಂದರೆ ಒಂದು ಸೆಕೆಂಡಿನ ನೂರನೇ ಒಂದು ಭಾಗವೂ ಇಲ್ಲ. ಇಂಥ ಕೆಪಾಸಿಟರ್‌ಗಳಲ್ಲಿ ಎಷ್ಟೋ 450 ವೋಲ್ಟ್ ತಾಳಿಕೆಯವು. ಅದಕ್ಕೇ ಇಲ್ಲಿ ಕಂಟ್ರೋಲ್ ತಪ್ಪುವಂತಿಲ್ಲ.

ಇನ್ನೊಂದು ತೊಡಕು. ಸಿಂಗಲ್ ಫೇಸ್ ಎಸಿಯಲ್ಲಿ ಪವರ್ ಒಂದೇ ಸಮನೆ ಹೋಗುವುದಿಲ್ಲ. ಸೆಕೆಂಡಿಗೆ 100 ಸಲ ಸೊನ್ನೆಗೆ ಬಂದು ಮತ್ತೆ ಏರುತ್ತದೆ. ಬಿಸಿಲು ಮಾತ್ರ ಒಂದೇ ಸಮನೆ ಬೀಳುತ್ತಿರುತ್ತದೆ. ಆ ವ್ಯತ್ಯಾಸವನ್ನೆಲ್ಲಾ ಕೆಪಾಸಿಟರ್ ನುಂಗಬೇಕು. ಮೇಲಿನ ಲೆಕ್ಕದ ಕೆಪಾಸಿಟರ್‌ನಲ್ಲಿ ಇದರಿಂದಲೇ ವೋಲ್ಟೇಜ್, ತಳದಿಂದ ತುದಿಗೆ ಒಟ್ಟು ಸುಮಾರು 24 ವೋಲ್ಟ್, ಮೇಲೆ ಕೆಳಗೆ ಆಡುತ್ತಿರುತ್ತದೆ. ಕಂಟ್ರೋಲರ್ ಈ ಆಟದ ಹಿಂದೆ ಓಡಬಾರದು. ಓಡಿದರೆ ಗ್ರಿಡ್‌ಗೆ ಹೋಗುವ ಅಲೆಯ ಆಕಾರವೇ ಕೆಡುತ್ತದೆ.

ಅದಕ್ಕೆ ಒಂದರೊಳಗೊಂದು ಎರಡು ಕಂಟ್ರೋಲ್ ಇಡುತ್ತಾರೆ. ಹೊರಗಿನದು ಡಿಸಿ ಬಸ್ ನೋಡುತ್ತದೆ. ಅದನ್ನು ಬೇಕಂತಲೇ ನಿಧಾನ ಮಾಡಿರುತ್ತಾರೆ, ಆ 100 ಸಲದ ಕುಣಿತ ಅದರ ಕಣ್ಣಿಗೆ ಬೀಳಬಾರದು ಅಂತ. ಅದು ‘ಇಷ್ಟು ಆಂಪಿಯರ್ ಬೇಕು’ ಅಂತ ಹೇಳುತ್ತದೆ, ಒಳಗಿನದು ಅದನ್ನು ಜಾರಿ ಮಾಡುತ್ತದೆ. ಒಳಗಿನದು ತುಂಬಾ ಚುರುಕು. ಟ್ರಾನ್ಸಿಸ್ಟರ್ ಸ್ವಿಚ್‌ಗಳನ್ನು ಸೆಕೆಂಡಿಗೆ ಸಾವಿರಾರು ಸಲ ಹಾಕಿ ಆರಿಸಿ ಬೇಕಾದ ಅಲೆಯನ್ನು ರೂಪಿಸುವುದು ಅದೇ. ಇವೆರಡರ ಜೊತೆಗೆ ಗ್ರಿಡ್‌ನ ಅಲೆ ಈ ಕ್ಷಣದಲ್ಲಿ ಎಲ್ಲಿದೆ, ಏರುತ್ತಿದೆಯಾ ಇಳಿಯುತ್ತಿದೆಯಾ ಅಂತ ಲೆಕ್ಕ ಇಡುವ ಇನ್ನೊಂದು ಭಾಗವಿದೆ. ಅದರ ಹೆಸರು ಪಿಎಲ್ಎಲ್. ಅದಕ್ಕೆ ಲೆಕ್ಕ ತಪ್ಪಿದರೆ ಉಳಿದದ್ದೆಲ್ಲಾ ತಪ್ಪುತ್ತದೆ.

(ಈ ಕೆಪಾಸಿಟರ್‌ಗಳಿಗೆ ಬಿಸಿ ಆಗಿಬರುವುದಿಲ್ಲ. 10 ಡಿಗ್ರಿ ಬಿಸಿ ಏರಿದರೆ ಆಯಸ್ಸು ಅರ್ಧ ಅನ್ನೋದು ಈ ಕೆಲಸದವರ ಸಾಮಾನ್ಯ ಲೆಕ್ಕ. ಏಪ್ರಿಲ್ ಬಿಸಿಲಲ್ಲಿ ತಾರಸಿ ಗೋಡೆಗೆ ಬರಿಮೈಯಲ್ಲಿ ನೇತುಹಾಕಿದ ಇನ್ವರ್ಟರ್ ನೋಡಿದರೆ ಪಾಪ ಅನಿಸುತ್ತದೆ.)

ಹೊರಗಿನ ವೋಲ್ಟೇಜ್ ಏರುವುದು ಹೇಗೆ?

ಬೀದಿಯ ಟಿಸಿಯ (ಟ್ರಾನ್ಸ್‌ಫಾರ್ಮರ್) ಮೇಲೆ ಒಂದು ಲೋಹದ ಫಲಕ ಇರುತ್ತದೆ. ದೂರದಿಂದಲೇ ಓದಿ ನೋಡಿ. 11000 / 433 ಅಂತ ಬರೆದಿರುತ್ತದೆ. 11 ಕೆವಿ ಲೈನ್‌ನಿಂದ ತೆಗೆದುಕೊಂಡು, ಎರಡು ಫೇಸ್‌ಗಳ ನಡುವೆ 433 ವೋಲ್ಟ್ ಕೊಡುತ್ತೇನೆ ಅಂತ ಅರ್ಥ. ಒಂದು ಫೇಸ್ ಮತ್ತು ನ್ಯೂಟ್ರಲ್ ನಡುವೆ ಲೆಕ್ಕ ಹಾಕಿದರೆ 250 ವೋಲ್ಟ್. ಮನೆಗೆ ಬೇಕಾದದ್ದು 230, ಕೊಡುವುದು 250. ಯಾಕೆ?

ಗ್ರಿಡ್ ಕಟ್ಟಿದ ಕಾಲದಲ್ಲಿ ಕರೆಂಟ್ ಒಂದೇ ದಿಕ್ಕಿಗೆ ಹರಿಯುತ್ತಿತ್ತು, ಟಿಸಿಯಿಂದ ಮನೆಗೆ. ಹರಿಯುವಾಗ ತಂತಿಯ ತಡೆಯಿಂದ ದಾರಿಯಲ್ಲೇ ಒಂದಷ್ಟು ವೋಲ್ಟೇಜ್ ಕಳೆದುಹೋಗುತ್ತದೆ. ಸಂಜೆ ಏಳಕ್ಕೆ ಎಲ್ಲರ ಮನೆಯಲ್ಲೂ ಮಿಕ್ಸಿ, ಗೀಸರ್, ಟಿವಿ ಓಡುವಾಗ ಲೈನಿನ ಕೊನೆಯ ಮನೆಗೆ ಡಲ್ ಆಗಬಾರದು ಅಂತ ಟಿಸಿಯಲ್ಲೇ ಸ್ವಲ್ಪ ಜಾಸ್ತಿ ಕೊಡುವ ಏರ್ಪಾಡು. ಆ ಕಾಲಕ್ಕೆ ಅದು ಸರಿಯಾದ ಲೆಕ್ಕವೇ.

ಈಗ ಮಧ್ಯಾಹ್ನಕ್ಕೆ ಬನ್ನಿ. ಜನ ಕೆಲಸಕ್ಕೆ, ಮಕ್ಕಳು ಸ್ಕೂಲಿಗೆ. ಮನೆಯಲ್ಲಿ ಓಡುವುದು ಒಂದು ಫ್ರಿಡ್ಜು, ಒಂದೆರಡು ಫ್ಯಾನು. ಲೋಡ್ ಇಲ್ಲದ್ದರಿಂದ ದಾರಿಯಲ್ಲಿ ವೋಲ್ಟೇಜ್ ಕಳೆಯುವುದಿಲ್ಲ. ಮನೆ ಬಾಗಿಲಿಗೇ 245, 248 ಬಂದು ನಿಂತಿರುತ್ತದೆ. ಹಳ್ಳಿಗಳಲ್ಲೂ ಇದೇ ಕಥೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಐಪಿ ಸೆಟ್‌ಗಳ ಫೀಡರ್ ಬೇರೆ ಮಾಡಿದ ಕಡೆ, ಹಗಲು ಪಂಪುಗಳು ಎಳೆಯುವ ಲೋಡ್ ಮನೆಗಳ ಲೈನಿಗೆ ಸಿಗುವುದಿಲ್ಲ.

ಇಂಥ ಹೊತ್ತಲ್ಲಿ ನಿಮ್ಮ ಇನ್ವರ್ಟರ್ 13 ಆಂಪಿಯರನ್ನು ಉಲ್ಟಾ ದಿಕ್ಕಿಗೆ ತಳ್ಳುತ್ತದೆ. ಹರಿವು ತಿರುಗಿದರೆ ವೋಲ್ಟೇಜ್‌ನ ಲೆಕ್ಕವೂ ತಿರುಗುತ್ತದೆ. ಟಿಸಿ ಹತ್ತಿರ ಇರುವುದಕ್ಕಿಂತ ಮನೆ ಹತ್ತಿರ ಜಾಸ್ತಿ ಆಗುತ್ತದೆ. ಎಷ್ಟು ಜಾಸ್ತಿ? ಟಿಸಿಯಿಂದ ಮನೆಗಳಿಗೆ ಬರುವ ಎಲ್‌ಟಿ ಲೈನ್‌ನಲ್ಲಿ ಸಾಮಾನ್ಯವಾಗಿ ಬಳಸುವ ರ‍್ಯಾಬಿಟ್ ಅನ್ನೋ ಅಲ್ಯೂಮಿನಿಯಂ ತಂತಿಯ ತಡೆ ಕಿಲೋಮೀಟರ್‌ಗೆ ಸುಮಾರು 0.54 ಓಮ್. ಟಿಸಿಯಿಂದ ಮನೆ 300 ಮೀಟರ್ ದೂರ ಇದ್ದರೆ, ಹೋಗುವ ಫೇಸ್, ಬರುವ ನ್ಯೂಟ್ರಲ್ ಸೇರಿ 600 ಮೀಟರ್ ತಂತಿ. ತಡೆ 0.32 ಓಮ್ ಆಯಿತು. 13 ಆಂಪಿಯರ್‌ನಿಂದ ಗುಣಿಸಿದರೆ 4 ವೋಲ್ಟ್‌ಗಿಂತ ಸ್ವಲ್ಪ ಜಾಸ್ತಿ.

ಒಬ್ಬರದೇ ಆದರೆ 4 ವೋಲ್ಟ್. ಲೈನಿನ ಕೊನೆಯಲ್ಲಿ ಅದೇ ಫೇಸ್ ಮೇಲೆ ನಾಲ್ಕು ಮನೆಯವರು ಹಾಕಿಸಿಕೊಂಡಿದ್ದರೆ? ಹತ್ತಿರ ಹತ್ತಿರ 17 ವೋಲ್ಟ್. ಹಾಗಾಗಿ ಮೊದಲು ಹಾಕಿಸಿದವರಿಗೆ ಒಂದು ವರ್ಷ ಏನೂ ತೊಂದರೆ ಇಲ್ಲದೆ, ಬೀದಿಯಲ್ಲಿ ಇನ್ನಿಬ್ಬರು ಹಾಕಿಸಿದ ಮೇಲೆ ಟ್ರಿಪ್ ಶುರುವಾಗಬಹುದು. ಅವರ ಇನ್ವರ್ಟರ್‌ನಲ್ಲಿ ಏನೂ ಬದಲಾಗಿರುವುದಿಲ್ಲ.

253 ದಾಟಿದರೆ ಯಾಕೆ ನಿಲ್ಲಬೇಕು?

ಇದು ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ನಿಯಮ. ಗ್ರಿಡ್ ವೋಲ್ಟೇಜ್ ನಿಗದಿಯ ಶೇ. 110 ದಾಟಿದರೆ ಅಥವಾ ಶೇ. 80ಕ್ಕಿಂತ ಇಳಿದರೆ, ಇಂಥ ಚಿಕ್ಕ ಉತ್ಪಾದಕರು 2 ಸೆಕೆಂಡಿನೊಳಗೆ ಕಳಚಿಕೊಳ್ಳಬೇಕು. 230ಕ್ಕೆ ಲೆಕ್ಕ ಹಾಕಿದರೆ ಮೇಲಿನ ಗಡಿ 253, ಕೆಳಗಿನದು 184. ಎಲ್ಲವೂ ಸರಿಯಾಗಿ ಕನಿಷ್ಠ ಒಂದು ನಿಮಿಷ ಸ್ಥಿರವಾಗಿದ್ದ ಮೇಲೇ ಮತ್ತೆ ಸೇರಬಹುದು.

ಒಂದು ಕಾರಣ ಸುಲಭ. ವೋಲ್ಟೇಜ್ ಜಾಸ್ತಿಯಾದರೆ ನಿಮ್ಮ ಮನೆಯ, ಪಕ್ಕದ ಮನೆಯ ಬಲ್ಬು, ಟಿವಿ, ಫ್ರಿಡ್ಜು ಹಾಳಾಗುತ್ತವೆ. ಇನ್ನೊಂದು ಕಾರಣ ಲೈನ್‌ಮನ್‌ಗಳ ಜೀವ. ಟಿಸಿಯಲ್ಲಿ ಫ್ಯೂಸ್ ತೆಗೆದು ಲೈನ್ ಸತ್ತಿದೆ ಅಂದುಕೊಂಡು ಕಂಬ ಹತ್ತಿದವರಿಗೆ, ಯಾರದೋ ತಾರಸಿಯಿಂದ ಉಲ್ಟಾ ಕರೆಂಟ್ ಬರಬಾರದು. ಕರೆಂಟ್ ಹೋದ ತಕ್ಷಣ ಸೋಲಾರ್ ಇನ್ವರ್ಟರ್ ಕೂಡ ನಿಲ್ಲುವುದು ಇದಕ್ಕೇ. ‘ಬಿಸಿಲಿದೆ, ಪ್ಯಾನೆಲ್ ಇದೆ, ಆದ್ರೂ ಮನೇಲಿ ಕರೆಂಟ್ ಇಲ್ವಲ್ಲ’ ಅಂತ ಹಾಕಿಸಿದ ಹೊಸದರಲ್ಲಿ ಎಲ್ಲರೂ ಕೇಳುವುದೇ.

ಈಗ ಆಪ್‌ನ ಆ ಏಳುಬೀಳು ಗೆರೆ ಅರ್ಥವಾಗುತ್ತದೆ ಅಲ್ವಾ? ಇನ್ವರ್ಟರ್ ತಳ್ಳುತ್ತದೆ, 253 ದಾಟುತ್ತದೆ, ಕಳಚಿಕೊಳ್ಳುತ್ತದೆ. ತಳ್ಳುವುದು ನಿಂತ ಕೂಡಲೇ ವೋಲ್ಟೇಜ್ ಇಳಿಯುತ್ತದೆ. ಒಂದು ನಿಮಿಷ ಕಾದು ಮತ್ತೆ ಸೇರುತ್ತದೆ, ಮತ್ತೆ ದಾಟುತ್ತದೆ.

ಪೂರ್ತಿ ನಿಲ್ಲದೆ ಬೇರೆ ದಾರಿ ಇಲ್ವಾ?

ಎರಡು ದಾರಿ ಇವೆ. ಒಂದು, ವೋಲ್ಟೇಜ್ ಗಡಿಯ ಹತ್ತಿರ ಬರುತ್ತಿದ್ದಂತೆ ಉತ್ಪಾದನೆಯನ್ನು ಸ್ವಲ್ಪ ಸ್ವಲ್ಪ ಇಳಿಸುವುದು. ಇದಕ್ಕೆ ವೋಲ್ಟ್-ವ್ಯಾಟ್ ಅನ್ನುತ್ತಾರೆ. ಪೂರ್ತಿ ಸೊನ್ನೆ ಆಗುವ ಬದಲು 3 ಕಿಲೋವ್ಯಾಟ್ ಇದ್ದದ್ದು 2ಕ್ಕೆ ಇಳಿದು ಓಡುತ್ತಿರುತ್ತದೆ.

ಇನ್ನೊಂದು ವೋಲ್ಟ್-ವಾರ್. ಇದಕ್ಕೆ ರಿಯಾಕ್ಟಿವ್ ಪವರ್ ಅಂದರೇನು ಅಂತ ಗೊತ್ತಿರಬೇಕು. ಎಸಿಯಲ್ಲಿ ವೋಲ್ಟೇಜ್ ಅಲೆಯೂ ಆಂಪಿಯರ್ ಅಲೆಯೂ ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ, ಹರಿದದ್ದೆಲ್ಲಾ ಕೆಲಸಕ್ಕೆ ಬಂತು ಅಂತ. ಆಂಪಿಯರ್ ಅಲೆ ಹಿಂದೆ ಬಿದ್ದರೆ ಅಥವಾ ಮುಂದೆ ಹೋದರೆ, ಒಂದು ಭಾಗ ಕೆಲಸ ಮಾಡದೆ ಸುಮ್ನೆ ಲೈನಿನಲ್ಲಿ ಹೋಗಿ ಬಂದು ಮಾಡುತ್ತಿರುತ್ತದೆ. ಆ ಭಾಗವೇ ರಿಯಾಕ್ಟಿವ್ ಪವರ್. ಪಂಪ್ ಮೋಟರ್‌ಗೆ ಅದು ಬೇಕೇ ಬೇಕು, ಕಾಂತಕ್ಷೇತ್ರ ಹುಟ್ಟುವುದೇ ಅದರಿಂದ. ಐಪಿ ಸೆಟ್‌ನ ಸ್ಟಾರ್ಟರ್ ಪಕ್ಕ ಕೆಪಾಸಿಟರ್ ಹಾಕಿ ಅಂತ ಹೇಳುವುದು, ಆ ಭಾಗ ದೂರದಿಂದ ಬರುವ ಬದಲು ಅಲ್ಲೇ ಸಿಗಲಿ ಅಂತ.

ರಿಯಾಕ್ಟಿವ್ ಪವರ್ ಎಳೆದರೆ ವೋಲ್ಟೇಜ್ ಇಳಿಯುತ್ತದೆ, ಕೊಟ್ಟರೆ ಏರುತ್ತದೆ. ಇನ್ವರ್ಟರ್ ತನ್ನ ಆಂಪಿಯರ್ ಅಲೆಯನ್ನು ಸ್ವಲ್ಪ ಹಿಂದೆ ಮುಂದೆ ಸರಿಸಿ ಎರಡನ್ನೂ ಮಾಡಬಲ್ಲದು. ಅಲೆಯನ್ನು ರೂಪಿಸುವ ಸ್ವಿಚ್‌ಗಳು ಅದರ ಕೈಯಲ್ಲೇ ಇವೆಯಲ್ಲ.

ಆದರೆ ನಮ್ಮ ಬೀದಿಯ ಲೈನಿನಲ್ಲಿ ಇದರ ಫಲ ಕಡಿಮೆ. ರಿಯಾಕ್ಟಿವ್ ಪವರ್ ವೋಲ್ಟೇಜ್ ಬದಲಿಸುವುದು ತಂತಿಯ ರಿಯಾಕ್ಟೆನ್ಸ್ ಅನ್ನೋ ಗುಣದ ಮೂಲಕ. ಎಲ್‌ಟಿ ತಂತಿಯಲ್ಲಿ ಅದು ಸಾಧಾರಣ ತಡೆಗಿಂತ ಕಡಿಮೆ. ಮೇಲಿನ 300 ಮೀಟರ್ ಲೈನಿನ ಲೆಕ್ಕದಲ್ಲೇ ನೋಡಿದರೆ, 3 ಕಿಲೋವ್ಯಾಟ್ ಉತ್ಪಾದನೆ 4 ವೋಲ್ಟ್ ಏರಿಸುತ್ತದೆ, ಅದೇ ಇನ್ವರ್ಟರ್ 1.3 ಕಿಲೋವಾರ್ (ರಿಯಾಕ್ಟಿವ್ ಪವರ್‌ನ ಅಳತೆ ಇದು) ಎಳೆದರೂ ಇಳಿಯುವುದು ಹೆಚ್ಚುಕಮ್ಮಿ 1 ವೋಲ್ಟ್. ಗಡಿಯ ಅಂಚಿನಲ್ಲಿ ಇರುವವರಿಗೆ ಆ ಒಂದು ವೋಲ್ಟ್ ಸಾಕಾಗಬಹುದು. ಉಳಿದವರಿಗೆ ಸಾಕಾಗದು.

ಚಿತ್ರದುರ್ಗದ ಗುಡ್ಡಗಳ ಮೇಲೆ

ಅದೇ ವಿದ್ಯೆ ದೊಡ್ಡ ಲೈನಿನಲ್ಲಿ ಜೋರಾಗಿ ಕೆಲಸ ಮಾಡುತ್ತದೆ. 66 ಕೆವಿ, 220 ಕೆವಿ ಲೈನುಗಳಲ್ಲಿ ರಿಯಾಕ್ಟೆನ್ಸೇ ಜಾಸ್ತಿ.

ಚಿತ್ರದುರ್ಗದ ಕೋಟೆ ಮೇಲೆ ನಿಂತರೆ ಜೋಗಿಮಟ್ಟಿ ಕಡೆ ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳ ಸಾಲು ಕಾಣುತ್ತದೆ. ಹಳೆಯ ತಲೆಮಾರಿನ ಗಾಳಿಯಂತ್ರಗಳಲ್ಲಿ ಕನ್ವರ್ಟರ್ (ಇನ್ವರ್ಟರ್‌ನಂಥದೇ ಎಲೆಕ್ಟ್ರಾನಿಕ್ ಸಾಧನ) ಇರುತ್ತಿರಲಿಲ್ಲ, ನೇರ ಇಂಡಕ್ಷನ್ ಜನರೇಟರ್. ಅದು ಕರೆಂಟ್ ಕೊಡುತ್ತಲೇ ಗ್ರಿಡ್‌ನಿಂದ ರಿಯಾಕ್ಟಿವ್ ಪವರ್ ಎಳೆಯುತ್ತದೆ. ಹಾಗಾಗಿ ಜೊತೆಗೆ ಕೆಪಾಸಿಟರ್‌ಗಳನ್ನು ಇಡಬೇಕು. ಹೊಸ ಯಂತ್ರಗಳಲ್ಲಿ ಕನ್ವರ್ಟರ್ ಇರುತ್ತದೆ. ಕೆಲವುದರಲ್ಲಿ ಪವರ್‌ನ ಮೂರನೇ ಒಂದು ಭಾಗದಷ್ಟು ಮಾತ್ರ ಅದರ ಮೂಲಕ ಹೋದರೆ, ಕೆಲವುದರಲ್ಲಿ ಅಷ್ಟೂ ಹೋಗುತ್ತದೆ. ನಿಯಮದ ಪ್ರಕಾರ ಇಂಥ ದೊಡ್ಡ ಸ್ಥಾವರಗಳು ಪವರ್ ಫ್ಯಾಕ್ಟರನ್ನು, ಅಂದರೆ ಹರಿದದ್ದರಲ್ಲಿ ಕೆಲಸಕ್ಕೆ ಬರುವ ಪಾಲನ್ನು, ಎರಡೂ ಕಡೆಗೆ 0.95ರವರೆಗೆ ಬದಲಿಸಬಲ್ಲವಾಗಿರಬೇಕು. 100 ಮೆಗಾವ್ಯಾಟ್ ಕೊಡುತ್ತಿರುವ ಸ್ಥಾವರ ಬೇಕಾದಾಗ ಸುಮಾರು 33 ಮೆಗಾವಾರ್ ಕೊಡಬೇಕು ಅಥವಾ ಎಳೆದುಕೊಳ್ಳಬೇಕು ಅಂತಾಯಿತು.

ಮನೆಯ ಇನ್ವರ್ಟರ್‌ಗೆ ‘ತೊಂದರೆ ಕಂಡರೆ ಕಳಚಿಕೋ’ ಅಂತ ಹೇಳುವ ನಿಯಮ, ದೊಡ್ಡವರಿಗೆ ‘ತೊಂದರೆ ಕಂಡರೂ ಹಿಡಿದುಕೋ’ ಅನ್ನುತ್ತದೆ. ಎಲ್ಲೋ ಲೈನಿಗೆ ಸಿಡಿಲು ಬಡಿದು ವೋಲ್ಟೇಜ್ ಶೇ. 15ಕ್ಕೆ ಕುಸಿದರೂ 300 ಮಿಲಿಸೆಕೆಂಡ್ ತನಕ ಗಾಳಿಯಂತ್ರ ಬಿಟ್ಟುಹೋಗುವಂತಿಲ್ಲ. ಇದು ಸುಲಭದ ಮಾತಲ್ಲ. ಹೊರಗೆ ವೋಲ್ಟೇಜ್ ಕುಸಿದಾಗ ಪವರ್ ಹೊರಹೋಗುವುದು ಬಹುಪಾಲು ನಿಲ್ಲುತ್ತದೆ, ರೆಕ್ಕೆಗಳು ಮಾತ್ರ ತಿರುಗುತ್ತಲೇ ಇರುತ್ತವೆ. ಆ ಡಿಸಿ ಟ್ಯಾಂಕು ತುಂಬಿ ಉಕ್ಕಬಾರದು ಅಂತ ಹೆಚ್ಚಾದ ಪವರನ್ನು ಒಂದು ರೆಸಿಸ್ಟರ್‌ಗೆ ತಿರುಗಿಸಿ ಶಾಖವಾಗಿ ಸುಟ್ಟುಬಿಡುತ್ತಾರೆ.

ಎಲ್ಲರೂ ಒಟ್ಟಿಗೆ ಬಿಟ್ಟುಹೋದರೆ ಏನಾಗುತ್ತೆ ಅನ್ನೋದು 2025ರ ಏಪ್ರಿಲ್ 28ರಂದು ಸ್ಪೇನ್, ಪೋರ್ಚುಗಲ್‌ನಲ್ಲಿ ಗೊತ್ತಾಯಿತು. ಅಲ್ಲಿ ಗ್ರಿಡ್ ಬಿದ್ದದ್ದು ಕರೆಂಟ್ ಕೊರತೆಯಿಂದ ಅಲ್ಲ, ವೋಲ್ಟೇಜ್ ಏರಿದ್ದರಿಂದ. ಮಟಮಟ ಮಧ್ಯಾಹ್ನ ವೋಲ್ಟೇಜ್ ಏರಿತು, ಸ್ಥಾವರಗಳು ಒಂದೊಂದಾಗಿ ಕಳಚಿಕೊಂಡವು, ಪ್ರತಿಯೊಂದು ಕಳಚಿದಾಗಲೂ ವೋಲ್ಟೇಜ್ ಇನ್ನಷ್ಟು ಏರಿತು. ಅಲ್ಲಿನ ನಿಯಮದಂತೆ ಸೋಲಾರ್, ಗಾಳಿ ಸ್ಥಾವರಗಳು ಬಹುಪಾಲು ಒಂದೇ ಪವರ್ ಫ್ಯಾಕ್ಟರ್‌ಗೆ ಕಟ್ಟುಬಿದ್ದು ಓಡುತ್ತಿದ್ದವು. ವೋಲ್ಟೇಜ್ ನೋಡಿಕೊಂಡು ಹೊಂದಿಸುವ ಕೆಲಸ ಅವುಗಳದ್ದಾಗಿರಲಿಲ್ಲ. ಅದು ಯಾರ ಪಾಲಿನದಾಗಿತ್ತೋ ಆ ಸಾಂಪ್ರದಾಯಿಕ ಸ್ಥಾವರಗಳಿಂದಲೂ ಸಾಕಷ್ಟು ಆಗಲಿಲ್ಲ ಅಂತ ಸ್ಪೇನ್ ಸರ್ಕಾರದ ವರದಿ ಹೇಳಿತು.

ಇದಕ್ಕೇ ಈಗ ‘ಗ್ರಿಡ್ ಫಾರ್ಮಿಂಗ್’ ಕನ್ವರ್ಟರ್‌ಗಳ ಮಾತು ಜೋರಾಗಿದೆ. ಇವು ಗ್ರಿಡ್ಡನ್ನು ಹಿಂಬಾಲಿಸುವ ಬದಲು, ಮನೆಯ ಯುಪಿಎಸ್‌ನಂತೆ ತಾವೇ ವೋಲ್ಟೇಜ್ ಹುಟ್ಟಿಸಿ, ಬೇರೆಯವರ ಜೊತೆ ಹಂಚಿಕೊಂಡು ಓಡುತ್ತವೆ. ಹಿಂದೆ ದೊಡ್ಡ ಬ್ಯಾಟರಿ ಇದ್ದರೆ ಕೆಲಸ ಹಗುರ.

ಟ್ರಿಪ್ ಆಗುತ್ತಿದ್ದರೆ ಮೊದಲು ಏನು ನೋಡಬೇಕು

ಮಧ್ಯಾಹ್ನ ಒಂದು ಗಂಟೆಗೆ ಆಪ್‌ನಲ್ಲಿ ಇನ್ವರ್ಟರ್ ತೋರಿಸುವ ವೋಲ್ಟೇಜ್ ಬರೆದುಕೊಳ್ಳಿ. ಅದೇ ಹೊತ್ತಿಗೆ ಎಲೆಕ್ಟ್ರಿಷಿಯನ್ ಕೈಲಿ ಮೀಟರ್ ಬೋರ್ಡ್ ಹತ್ತಿರ ಅಳೆಸಿ. ಎರಡರ ನಡುವೆ 4 ವೋಲ್ಟ್ ವ್ಯತ್ಯಾಸ ಇದ್ದರೆ, ಆ 4 ವೋಲ್ಟ್ ಬೀದಿಯ ಲೈನಿನದಲ್ಲ, ನಿಮ್ಮ ಮನೆಯ ವೈರಿನದು. 2.5 ಎಂಎಂ ತಾಮ್ರದ ವೈರನ್ನು ತಾರಸಿಯಿಂದ ಮೀಟರ್‌ವರೆಗೆ 20 ಮೀಟರ್ ಎಳೆದಿದ್ದರೆ, ಹೋಗಿ ಬರುವ ದಾರಿ ಸೇರಿ ತಡೆ 0.3 ಓಮ್ ಆಗುತ್ತದೆ. ಬೀದಿಯ 300 ಮೀಟರ್ ಲೈನಿನಷ್ಟೇ! ಅದೇ ಜಾಗಕ್ಕೆ 6 ಎಂಎಂ ವೈರ್ ಹಾಕಿದರೆ ಏರಿಕೆ 1.6 ವೋಲ್ಟ್‌ಗೆ ಇಳಿಯುತ್ತದೆ. ವೈರಿನಲ್ಲಿ ಉಳಿಸಿದ ಒಂದೆರಡು ಸಾವಿರಕ್ಕೆ ದಿನಾ ಮಧ್ಯಾಹ್ನದ ಯೂನಿಟ್ ತೆರುತ್ತಿರುವವರು ಇರಬಹುದು.

ಮೀಟರ್ ಹತ್ತಿರವೇ 250 ದಾಟಿದ್ದರೆ ಅದು ಲೈನಿನ ಪ್ರಶ್ನೆ. ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳು ಬೆಸ್ಕಾಂಗೆ ಸೇರಿವೆ. ತಾರೀಕು, ಸಮಯ, ವೋಲ್ಟೇಜ್ ಇರುವ ಸ್ಕ್ರೀನ್‌ಶಾಟ್‌ಗಳ ಸಮೇತ ಸೆಕ್ಷನ್ ಆಫೀಸಿಗೆ ಬರೆದು ಕೊಡಿ. ಬರೀ ‘ಸೋಲಾರ್ ಬರ್ತಿಲ್ಲ’ ಅಂದರೆ ಇನ್‌ಸ್ಟಾಲರ್ ಕಡೆ ಕೈ ತೋರಿಸುವುದು ಸಹಜ. ಅವರ ಕೈಯಲ್ಲಿ ಮಾಡಬಹುದಾದ ಕೆಲಸಗಳು ಇವೆ: ಒಂದೇ ಫೇಸ್ ಮೇಲೆ ಗುಂಪಾದ ಸೋಲಾರ್ ಮನೆಗಳನ್ನು ಮೂರು ಫೇಸ್‌ಗೂ ಹಂಚುವುದು, ಸಡಿಲವಾದ ನ್ಯೂಟ್ರಲ್ ಬಿಗಿ ಮಾಡುವುದು, ದಪ್ಪ ತಂತಿ ಎಳೆಯುವುದು. ದೊಡ್ಡ ಟಿಸಿಗಳಲ್ಲಿ ವೋಲ್ಟೇಜನ್ನು ಶೇ. 2.5ರ ಲೆಕ್ಕದಲ್ಲಿ ಇಳಿಸುವ ಟ್ಯಾಪ್ ಇರುತ್ತದೆ. ಅದನ್ನು ಟಿಸಿ ಆಫ್ ಮಾಡಿಯೇ ತಿರುಗಿಸಬೇಕು. ಇಳಿಸಿದರೆ ಸಂಜೆ ಹೊತ್ತಲ್ಲಿ ಕೊನೆಯ ಮನೆಗೆ ಡಲ್ ಆಗಬಹುದು ಅನ್ನೋದನ್ನೂ ಅವರು ನೋಡಬೇಕಾಗುತ್ತದೆ.

‘253 ಇರೋದನ್ನ 265ಕ್ಕೆ ಏರಿಸಿಬಿಡಿ, ಟ್ರಿಪ್ ಆಗಲ್ಲ’ ಅನ್ನೋ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಟ್ರಿಪ್ ನಿಲ್ಲುತ್ತದೆ ನಿಜ. ಆದರೆ ಆ 265 ಪಕ್ಕದ ಮನೆಯ ಫ್ರಿಡ್ಜಿಗೂ ಹೋಗುತ್ತದೆ. ಅದರ ಬದಲು ನಿಮ್ಮ ಮಾಡೆಲ್‌ನಲ್ಲಿ ವೋಲ್ಟ್-ವ್ಯಾಟ್, ವೋಲ್ಟ್-ವಾರ್ ಸೆಟ್ಟಿಂಗ್ ಇದೆಯಾ, ಅದು ಆನ್ ಆಗಿದೆಯಾ ಅಂತ ಇನ್‌ಸ್ಟಾಲರ್‌ನ ಕೇಳಿ.